ಎರಡು ಕೆಜಿಯ ಮಾತು

ದರ್ಶನ ತಟ್ಟೆಯಲ್ಲಿದ್ದ ಅನಾನಸನ್ನಷ್ಟೇ ತಿಂದು ಸುಮ್ಮನೆ ಎದ್ದಿದ್ದರೆ ನಮ್ಮ ಮದುವೆ ಆವತ್ತೇ ನಿಶ್ಚಯವಾಗುತ್ತಿತ್ತು. ನಾನು ಮೊದಲೇ ಹೇಳಿ ಕರೆತಂದಿದ್ದೆ. ನಮ್ಮ ಅಜ್ಜಿ ನೀಲಗಂಗವ್ವನ ಮುಂದೆ ಹೆಚ್ಚು ಮಾತು ಬೇಡ, ಕೇಳಿದ್ದಕ್ಕೆ ಹೂಂ ಅನ್ನು, ಹೋಳಿಗೆ ಇನ್ನೊಂದು ಹಾಕಿದರೆ ಬೇಡ ಅನ್ನಬೇಡ, ಇಷ್ಟೇ. ಶಿರಸಿಯಿಂದ ಬನವಾಸಿ ಹತ್ತಿರದ ನಮ್ಮೂರಿನ ತನಕ ಸ್ಕೂಟರಿನ ಹಿಂದೆ ಕೂತು ಇದನ್ನೇ ಅವನ ಕಿವಿಯಲ್ಲಿ ಊದಿದ್ದೆ. ಅವನೂ ತಲೆಯಾಡಿಸಿದ್ದ. ದರ್ಶನನ ತಲೆ ಆಡುವುದಕ್ಕೂ ನಾಲಿಗೆ ಆಡುವುದಕ್ಕೂ ಸಂಬಂಧವಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಊಟ ಚೆನ್ನಾಗಿಯೇ ಆಯಿತು. ಹೋಳಿಗೆ ಮೂರು ಹೋದವು. ಅಜ್ಜಿಯ ಮುಖದಲ್ಲಿ ನಗು ಕಾಣಿಸಿಕೊಂಡಿತು. ಕೊನೆಗೆ ಅವಳೇ ನಮ್ಮ ಹೊಲದ ಅನಾನಸು ಹೆಚ್ಚಿ ತಂದು ಮುಂದಿಟ್ಟು, "ತಿನ್ನಪಾ, ನಮ್ಮ ಹೊಲದ್ದು" ಅಂದಳು.

ದರ್ಶನ ಒಂದು ಹೋಳು ಬಾಯಿಗೆ ಹಾಕಿಕೊಂಡ. "ಚಲೋ ಅದೆ ಅಜ್ಜಿ. ಆದ್ರೆ ನಮ್ಮ ಹುಲಗೋಳದ ಹಣ್ಣು ನೀವು ನೋಡ್ಬೇಕು. ಸರಾಸರಿ ಎರಡು ಕೆಜಿ. ಕಮ್ಮಿ ಎಂಬುದೇ ಇಲ್ಲ!"

ನಾನು ಮೇಜಿನಡಿ ಅವನ ಕಾಲು ತುಳಿದೆ. ಅವನು ಅದನ್ನು ಪ್ರೋತ್ಸಾಹ ಎಂದುಕೊಂಡ. "ಜುಟ್ಟು ಬಿಟ್ಟು" ಎಂದು ಸೇರಿಸಿದ. ಜುಟ್ಟು ಎಂದರೆ ಹಣ್ಣಿನ ತಲೆಯ ಮೇಲಿನ ಎಲೆಗೊಂಚಲು, ಅದೇ ಒಂದಷ್ಟು ತೂಗುತ್ತದೆ. ಅದನ್ನೂ ಬಿಟ್ಟು ಎರಡು ಕೆಜಿ!

ಅಜ್ಜಿಯ ನಗು ಅಲ್ಲಿಗೇ ಆರಿತು. ಅನಾನಸಿನ ವಿಷಯದಲ್ಲಿ ಅವಳೆದುರು ಬಾಯಿ ಬಿಡುವವರು ನಮ್ಮೂರಿನಲ್ಲಿ ಯಾರೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅದೇ ಹೊಲ, ಅದೇ ಮುಳ್ಳು.

ಅವನು ಹೋದ ಮೇಲೆ ಅಜ್ಜಿ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಳು. "ಹುಡುಗ ನೋಡಾಕ ಛಲೋ ಅದಾನ. ಆದ್ರ ಸುಳ್ಳ ಹೇಳ್ತಾನ."

ನನ್ನ ಅಪ್ಪ ದ್ಯಾಮಪ್ಪನಿಗೆ ಆಶ್ಚರ್ಯವಾಯಿತು. ಅವನು ತಿಂಗಳಿನಿಂದ ಬೇರೆಯದೇ ತಕರಾರಿಗೆ ತಯಾರಾಗಿ ಕೂತಿದ್ದ. ನಾವು ಲಿಂಗ ಕಟ್ಟಿಕೊಂಡವರು, ಅವರು ಮೀನು ತಿನ್ನುವವರು. "ಅವ್ವಾ, ಮೀನಿಂದು..." ಎಂದು ರಾಗ ಎಳೆದ.

"ಮೀನಿಂದು ಬಿಡೋ. ಅವರ ಗಡಿಗಿ ಅವರಿಗೆ, ಇಕಿ ಗಡಿಗಿ ಇಕಿಗೆ. ಹೊಲದ ಮಾತಿನಾಗ ಸುಳ್ಳ ಹೇಳಾಂವ ನಾಳಿ ಮನಿ ಮಾತಿನಾಗ ಖರೆ ಹೇಳ್ತಾನೇನು? ಸರಾಸರಿ ಎರಡು ಕೆಜಿ ಅಂತ! ನಮ್ಮ ಹೊಸಾ ನಾಟಿಯಾಗೂ ಅಷ್ಟು ಬರಂಗಿಲ್ಲ."

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ನಾನು ಶಿರಸಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಅತಿಥಿ ಉಪನ್ಯಾಸಕಿ ಎಂದು ಹೆಸರು, ಅತಿಥಿಗೆ ಅಲ್ಲಿ ಚಹಾ ಕೂಡ ಕೊಡುವುದಿಲ್ಲ. ವರ್ಷವಿಡೀ ಬೆಂಚಿನ ಮೇಲೆ ನಿದ್ದೆ ಹೊಡೆಯುವ ಹುಡುಗರಿಗೆ ಪ್ರಾಕ್ಕಲ್ಪನೆಗಳ, ಅಂದರೆ ನಿಜವೆಂದು ಇಟ್ಟುಕೊಂಡ ಮಾತುಗಳ, ಪರೀಕ್ಷೆ ಹೇಳಿಕೊಟ್ಟು ಗಂಟಲು ಹರಿದುಕೊಂಡಿದ್ದೇನೆ. ಇಲ್ಲಿ ನೋಡಿದರೆ ಒಂದು ಜೀವಂತ ಪ್ರಾಕ್ಕಲ್ಪನೆ ನನ್ನದೇ ಕಟ್ಟೆಯ ಮೇಲೆ ಬಂದು ಕೂತಿದೆ!

"ಅಜ್ಜಿ, ಸುಳ್ಳೋ ಖರೆಯೋ ಅಂತ ಪರೀಕ್ಷಾ ಮಾಡಾಕ ಬರ್ತೈತಿ" ಅಂದೆ.

"ಮಾಡು. ಅಂವ ಹೇಳಿದ್ದು ನಿಂತರ ನಾನ ಮುಂದ ನಿಂತು ಮದುವಿ ಮಾಡಿ ಅಕ್ಕಿಕಾಳು ಹಾಕ್ತೀನಿ. ನಿಲ್ಲಲಿಲ್ಲಂದ್ರ ಈ ಮಾತು ಇಲ್ಲಿಗೆ ಬಿಡಬೇಕು. ಕಬೂಲ?"

"ಕಬೂಲ" ಅಂದುಬಿಟ್ಟೆ. ನನ್ನ ಮದುವೆಯನ್ನು ನಾನೇ ಹಣ್ಣಿನ ತಕ್ಕಡಿಗೆ ಹಾಕಿದ್ದೆ. ಅಜ್ಜಿಯ ಮಾತು ಮೀರಿ ಮದುವೆಯಾಗುವವರು ಇರಬಹುದು, ನಾನಲ್ಲ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ.

ಮರುದಿನ ದರ್ಶನನ ಗ್ಯಾರೇಜಿಗೆ ಹೋದೆ. ಶಿರಸಿಯಲ್ಲಿ ಅವನದ್ದು ಸ್ಕೂಟರ್, ವ್ಯಾನು ರಿಪೇರಿಯ ಅಂಗಡಿ. ನನ್ನ ಸ್ಕೂಟರ್ ಕೆಟ್ಟದ್ದರಿಂದಲೇ ನಮ್ಮ ಪರಿಚಯ. ಆವತ್ತು "ಇನ್ನು ಹತ್ತು ವರ್ಷ ಈ ಗಾಡಿ ಮುಟ್ಟೂದೇ ಬೇಡ" ಎಂದಿದ್ದ, ಅದು ನಾಲ್ಕನೇ ದಿನ ಮತ್ತೆ ನಿಂತಿತ್ತು. ಅವನು ಬೇಕೆಂದೇ ಸರಿ ಮಾಡಿಲ್ಲ ಎಂದು ನನಗೆ ಅನುಮಾನ, ಇವತ್ತಿಗೂ ಒಪ್ಪಿಕೊಂಡಿಲ್ಲ.

ವಿಷಯ ಕೇಳಿ ಅವನ ಕೈಯ ಸ್ಪ್ಯಾನರ್ ಕೆಳಗೆ ಬಿತ್ತು. "ಎಂತ? ಅನಾನಸಿನ ಮೇಲೆ ಮದುವೆಯಾ?"

"ನೀನೇ ತಾನೇ ಅಂದಿದ್ದು, ಸರಾಸರಿ ಎರಡು ಕೆಜಿ ಅಂತ? ಈಗ ಹೇಳು, ನಿಜವಾ?"

"ನಿಜವೇ ರಂಜು! ಅಮ್ಮ ದಿನಾ ಒಂದು ಕಟ್ಟಿ ಕೊಡ್ತಾಳೆ. ಪಕ್ಕದ ಕಿರಾಣಿ ಅಂಗಡಿ ತಕ್ಕಡಿಲಿ ಎಷ್ಟೋ ಸಲ ಇಟ್ಟು ನೋಡಿದ್ದೆ. ಎರಡರ ಕೆಳಗೆ ಬಂದಿದ್ದೇ ಇಲ್ಲ. ಬೇಕಾದ್ರೆ ಎಲ್ಲಾ ಹಣ್ಣೂ ತೂಗು."

"ಎಲ್ಲಾ ತೂಗಲಿಕ್ಕೆ ಆಗೂದಿಲ್ಲ ಅಂತಲೇ ನಮ್ಮ ಶಾಸ್ತ್ರ ಇರೂದು. ಹನ್ನೆರಡು ಸಾಕು."

ಅವನನ್ನು ಹಳೇ ಟೈರಿನ ಮೇಲೆ ಕೂರಿಸಿ ಪಾಠ ಶುರುಮಾಡಿದೆ. ನಮ್ಮ ಅಜ್ಜಿ ಶುರುಮಾಡುವುದು ಹುಡುಗ ಸುಳ್ಳುಗಾರ ಎಂಬಲ್ಲಿಂದ. ನಾನು ಶುರುಮಾಡುವುದು ಹುಡುಗ ಹೇಳಿದ್ದು ನಿಜ ಎಂಬಲ್ಲಿಂದ. ಇದಕ್ಕೇ ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಸರಾಸರಿ ಎರಡು ಕೆಜಿ ಇದೆ ಎಂದು ಮೊದಲು ಒಪ್ಪಿಕೊಂಡುಬಿಡುವುದು. ಆಮೇಲೆ ಕೈಗೆ ಬಂದ ಹನ್ನೆರಡು ಹಣ್ಣು ನೋಡಿ ಕೇಳುವುದು: ಮಾತು ನಿಜವೇ ಆಗಿದ್ದರೆ ಇಷ್ಟು ಹಗುರ ಹಣ್ಣುಗಳು ಬರುವುದು ಎಷ್ಟು ಅಪರೂಪ? ನೂರರಲ್ಲಿ ಐದು ಸಲವೂ ಬರುವಂಥದ್ದಲ್ಲ ಎಂದಾದರೆ ಮಾತನ್ನು ಕೈಬಿಡುವುದು. ಹಣ್ಣು ಎರಡಕ್ಕಿಂತ ಹೆಚ್ಚು ತೂಗಿದರೆ ಅಜ್ಜಿಗೆ ತಕರಾರಿಲ್ಲ, ಆದ್ದರಿಂದ ನೋಡುವುದು ಕಮ್ಮಿಯ ಬದಿಯೊಂದನ್ನೇ.

"ಯಾವ ಟೆಸ್ಟು?" ಎಂದು ಕೇಳಿದ. ನನಗೆ ಪ್ರೀತಿ ಉಕ್ಕಿ ಬಂತು. ನನ್ನ ತರಗತಿಯಲ್ಲಿ ಮೂರು ವರ್ಷದಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿಲ್ಲ.

"ನೀನು ಹತ್ತರಲ್ಲಿ ಒಂಬತ್ತು ಹಣ್ಣು ಸಿಹಿ ಅಂದಿದ್ದರೆ ಅನುಪಾತದ ಪರೀಕ್ಷೆ ಬೇಕಿತ್ತು. ನೀನು ಹೇಳಿದ್ದು ಸರಾಸರಿ. ಸರಾಸರಿಗೆ ಎರಡು ದಾರಿ, ಝಡ್ ಮತ್ತು ಟಿ. ಇಡೀ ಹೊಲದಲ್ಲಿ ತೂಕಗಳ ಹರವು ಎಷ್ಟು, ಅಂದರೆ ಒಂದಕ್ಕೊಂದು ಎಷ್ಟು ಹೆಚ್ಚುಕಮ್ಮಿ ಅಂತ ಮೊದಲೇ ಗೊತ್ತಿದ್ದರೆ ಝಡ್. ನಿಮ್ಮ ಹೊಲದ್ದು ಯಾರಿಗೆ ಗೊತ್ತು?"

"ದೇವರಿಗೆ."

"ದೇವರು ಝಡ್ ಮಾಡಲಿ, ನಾವು ಟಿ ಮಾಡುವಾ. ಹರವನ್ನೂ ಆ ಹನ್ನೆರಡು ಹಣ್ಣಿನಿಂದಲೇ ಅಂದಾಜು ಮಾಡೂದು."

ಮಾದರಿ, ಅಂದರೆ ಅಳೆಯಲು ತೆಗೆದುಕೊಂಡವು, ಮೂವತ್ತಕ್ಕಿಂತ ಕಮ್ಮಿ ಇದ್ದರೆ ಟಿ, ಹೆಚ್ಚಿದ್ದರೆ ಝಡ್ ಎಂದು ನನ್ನ ಹುಡುಗರು ಮಗ್ಗಿಯ ಹಾಗೆ ಒದರುತ್ತಾರೆ. ಕೇಳಿದಾಗಲೆಲ್ಲ ಚಾಕ್ ಎಸೆಯುವ ಮನಸ್ಸಾಗುತ್ತದೆ. ಪ್ರಶ್ನೆ ಎಷ್ಟಿದೆ ಎಂಬುದಲ್ಲ, ನಿನಗೆ ಮೊದಲೇ ಏನು ಗೊತ್ತಿದೆ ಎಂಬುದು.

"ಮತ್ತೆ ಒಂದೆರಡು ಹಣ್ಣು ತೀರಾ ವಿಪರೀತ ಇದ್ರೆ?"

"ಅಂಥ ಹೊಲಕ್ಕೆ ಚಿಹ್ನೆ ಪರೀಕ್ಷೆ ಅಂತ ಇದೆ. ಎರಡರ ಮೇಲಿದ್ದರೆ ಪ್ಲಸ್, ಕೆಳಗಿದ್ದರೆ ಮೈನಸ್, ಎಣಿಸಿದರೆ ಮುಗೀತು. ಅದು ನಡುವಿನ ಹಣ್ಣಿನ ಮಾತು ಹೇಳ್ತದೆ, ಸರಾಸರಿಯದ್ದಲ್ಲ. ನಮಗೆ ಬೇಡ. ಟಿ ಅಂದ್ರೆ ಟಿ."

ಅಜ್ಜಿಗೂ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು. "ಅಂದ್ರ ಹುಡುಗ ಖರೆ ಹೇಳಿದ್ರೂ ನೂರಕ್ಕ ಐದು ಸಲ ನೀ ಸುಳ್ಳ ಅಂತಿ?"

"ಹೌದು ಅಜ್ಜಿ."

"ನಿಮ್ಮಪ್ಪ ನೂರಕ್ಕ ಅರವತ್ತು ಸಲ ತಪ್ಪು ಹೇಳ್ತಾನ. ಐದು ನಡೀತೈತಿ ಬಿಡು."

ಭಾನುವಾರ ಹುಲಗೋಳಕ್ಕೆ ಹೋದೆ. ಕೈಯಲ್ಲಿ ತಕ್ಕಡಿ, ಚೀಲದಲ್ಲಿ ಸಾಲು ಮತ್ತು ಗಿಡದ ನಂಬರು ಬರೆದ ಚೀಟಿಗಳು, ಕಣ್ಣು ಮುಚ್ಚಿ ಎತ್ತಿದ ಚೀಟಿಯ ಗಿಡದ್ದೇ ಹಣ್ಣು ತೂಗಬೇಕೆಂದು. ದರ್ಶನನ ತಾಯಿ ದೇವಿಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ದೊಡ್ಡ ದನಿ. "ಬನ್ನಿ ಬನ್ನಿ, ಕೈಕಾಲು ತೊಳ್ಕಳಿ" ಎಂದು ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡರು. ಒಳಗೆ ಹೊಸ ಪಾತ್ರೆಗಳಲ್ಲಿ ನನಗೆಂದೇ ಬೇರೆ ಅಡುಗೆಯಾಗಿತ್ತು. ಪಾತ್ರೆಗಳ ಮೇಲಿನ ಸ್ಟಿಕ್ಕರು ಇನ್ನೂ ಹೋಗಿರಲಿಲ್ಲ. ಮೀನಿನ ವಾಸನೆ ಬರಬಾರದೆಂದು ನಾಲ್ಕು ದಿನದಿಂದ ಮನೆಯಲ್ಲಿ ಮೀನೇ ಇಲ್ಲ ಎಂದು ದರ್ಶನ ಹೇಳಿದ. ನನ್ನ ಕಣ್ಣು ತುಂಬಿ ಬಂತು.

ಜಗಲಿಗೆ ಬಂದು ನೋಡುತ್ತೇನೆ, ಹನ್ನೆರಡು ಅನಾನಸು ಒರೆಸಿ, ಜುಟ್ಟು ಕೊಯ್ದು, ಬಾಳೆಲೆಯ ಮೇಲೆ ಸಾಲಾಗಿ ಕೂತಿವೆ.

"ಚೀಟಿ ಎತ್ತಬೇಕಿತ್ತಲ್ಲ ಅಮ್ಮಾ" ಅಂದೆ.

"ಈ ಬಿಸಿಲಲ್ಲಿ ನೀ ಎಂತಕ್ಕೆ ಮುಳ್ಳಲ್ಲಿ ತಿರುಗೂದು ಮಗಾ? ನಾನೇ ಕೊಯ್ದಿಟ್ಟೆ. ಒಂದೂ ಆರಿಸಲಿಲ್ಲ, ಆಣೆ!"

ಆಣೆ ಹಾಕಿದವರ ಮೇಲೆ ಅನುಮಾನಪಡುವುದು ಹೇಗೆ? ಹೊಟ್ಟೆ ತುಂಬಾ ಅವರದ್ದೇ ಪಾಯಸ ಬೇರೆ ಇತ್ತು. ತೂಗಿದೆ. ಮೊದಲನೆಯದು ಎರಡು ಕೆಜಿ ನೂರು ಗ್ರಾಂ. ಎರಡನೆಯದು ಎರಡು ನೂರೈವತ್ತು. ಮೂರನೆಯದು ಎರಡು ಇನ್ನೂರು. ಎಲ್ಲವೂ ಎರಡರ ಮೇಲೆ! ಸರಾಸರಿ ಎರಡು ಕೆಜಿ ನೂರೈವತ್ತು ಗ್ರಾಂ. ಟಿ ಲೆಕ್ಕ ಹಾಕಿದರೆ ಒಂಬತ್ತರ ಮೇಲೆ ಹೋಯಿತು, ಅದೂ ಪ್ಲಸ್ ಬದಿಗೆ. ಮಾತು ಸುಳ್ಳು ಎನ್ನಲು ಒಂದು ಚೂರೂ ಆಧಾರವಿಲ್ಲ. ನಾನು ಜಗಲಿಯ ಮೇಲೆಯೇ ಕುಣಿದೆ. ದರ್ಶನ ತಕ್ಕಡಿ ಹಿಡಿದು ಕುಣಿದ. ದೇವಿಯಮ್ಮ ಯಾಕೆಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದರು. ಶಿರಸಿಗೆ ವಾಪಸು ಬರುವಾಗ ಸ್ಕೂಟರ್ ಮೇಲೆ ಹಾಡಿಕೊಂಡು ಬಂದೆ. ಎದುರು ಬಂದ ಬಸ್ಸಿನ ಡ್ರೈವರು ಹಾರ್ನು ಹೊಡೆದರೆ ಅವನಿಗೂ ಕೈ ಬೀಸಿದೆ.

ಸಂಜೆ ಶಿರಸಿಯ ನನ್ನ ರೂಮಿನಲ್ಲಿ ಅಜ್ಜಿಗೆ ಫೋನ್ ಮಾಡುವ ಮುಂಚೆ ಆ ಹನ್ನೆರಡು ತೂಕಗಳನ್ನು ಇನ್ನೊಂದು ಸಲ ಖುಷಿಗೆಂದು ನೋಡಿದೆ. ನೋಡಬಾರದಿತ್ತು.

ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಅಂತರ ಇನ್ನೂರು ಗ್ರಾಂ. ಇನ್ನೂರೇ! ನಮ್ಮ ಹೊಲದ ರಾಶಿಯಲ್ಲಿ ಆಡಿ ಬೆಳೆದವಳು ನಾನು. ಅಲ್ಲಿ ಸಣ್ಣದಕ್ಕೂ ದೊಡ್ಡದಕ್ಕೂ ಒಂದು ಕೆಜಿ ವ್ಯತ್ಯಾಸ ಮಾಮೂಲು. ಹನ್ನೆರಡು ಅನಾನಸು ಹೀಗೆ ಒಂದೇ ಅಚ್ಚಿನಲ್ಲಿ ಬರುತ್ತವೆಯೇ? ಸರಾಸರಿಗೆ ಟಿ ಇದ್ದಂತೆ ಹರವಿಗೆ ಕೈಸ್ಕ್ವೇರ್ ಪರೀಕ್ಷೆ ಇದೆ. ನಮ್ಮ ಹೊಲದಷ್ಟೇ ಹರವು ಅವರದ್ದಕ್ಕೂ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಇಂಥ ಹನ್ನೆರಡು ಅವಳಿಜವಳಿ ಹಣ್ಣು ತಾವಾಗಿ ಬರುವುದು ಲಕ್ಷಕ್ಕೊಂದು ಸಲವೂ ಇಲ್ಲ.

ಆರಿಸಿದ್ದಾರೆ!

ನನಗೆ ಸಿಟ್ಟು ನೆತ್ತಿಗೇರಿತು. ಸ್ಕೂಟರ್ ಹತ್ತಿ ನೇರ ಗ್ಯಾರೇಜಿಗೆ ಹೋದೆ. ಮಧ್ಯಾಹ್ನದ ಮೇಲೆ ಬಂದು ಅಂಗಡಿ ತೆರೆದಿದ್ದ ದರ್ಶನ ಶಟರ್ ಎಳೆಯುತ್ತಿದ್ದ. "ಮೋಸಗಾರ!" ಅಂದೆ. ಅವನು ಕಣ್ಣು ಕಣ್ಣು ಬಿಟ್ಟ. ನಾನು ಹರವಿನ ಕತೆ ಹೇಳಿದೆ. "ನಂಗೆ ಗೊತ್ತಿಲ್ಲ ರಂಜು, ನಾನು ಮುಟ್ಟಲೇ ಇಲ್ಲ" ಎಂದು ತಾಯಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಅಮ್ಮಾ, ಹಣ್ಣು ಆರಿಸಿದ್ಯನೇ?"

"ಇಲ್ಲ ಮಾರಾಯ! ದೊಡ್ಡದ್ದು ಅಂತ ಒಂದೂ ಆರಿಸಲಿಲ್ಲ. ಸಣ್ಣದ್ದೆಲ್ಲ ಬದಿಗೆ ಇಟ್ಟೆ, ಅಷ್ಟೇ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅದೇ ಆರಿಸೂದು ಅಮ್ಮಾ!"

"ಅದು ಹೆಂಗೆ ಆರಿಸೂದಾಗ್ತದೆ? ಮೊದಲ ಸಲ ಮನೆಗೆ ಬರುವ ಹುಡುಗಿ. ಸಣ್ಣ ಹಣ್ಣು ಮುಂದೆ ಇಡೂದಾ? ನಿಂಗೆ ಬುದ್ಧಿ ಅದೆಯಾ?" ಎಂದು ಬೈದು ಫೋನ್ ಇಟ್ಟರು.

ನನಗೆ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. ಸಂಖ್ಯಾಶಾಸ್ತ್ರದ ಯಾವ ಪುಸ್ತಕದಲ್ಲೂ ಈ ತೊಂದರೆ ಬರೆದಿಲ್ಲ. ಮಾದರಿ ತೆಗೆಯಲು ಬಂದವಳು ಮನೆಗೆ ಬಂದ ನೆಂಟಳೂ ಆಗಿದ್ದರೆ ಏನು ಮಾಡಬೇಕು?

"ಈಗ ಎಂತ ಮಾಡೂದು? ಅಜ್ಜಿಗೆ ಮೊದಲಿನ ಲೆಕ್ಕವನ್ನೇ ಹೇಳಿದ್ರೆ ಆಗ್ತಿತ್ತಪ್ಪ" ಅಂದ ದರ್ಶನ ಮೆಲ್ಲಗೆ.

ಆಗುತ್ತಿತ್ತು. ಅಜ್ಜಿಗೆ ಗೊತ್ತೂ ಆಗುತ್ತಿರಲಿಲ್ಲ. ಮುಂದಿನ ತಿಂಗಳು ಅಕ್ಕಿಕಾಳು ಬೀಳುತ್ತಿತ್ತು. ಆದರೆ ಕಾಪಿ ಹೊಡೆದ ಹುಡುಗರನ್ನು ಪರೀಕ್ಷಾ ಕೊಠಡಿಯಿಂದ ಕತ್ತು ಹಿಡಿದು ಹೊರಹಾಕುವವಳು ನಾನು. ಮದುವೆ ಮುರಿದರೆ ಮುರಿಯಲಿ, ಕೆಟ್ಟ ಮಾದರಿಯ ಮೇಲೆ ನಿಂತ ಮದುವೆ ನನಗೆ ಬೇಡ. ಇದನ್ನೇ ದರ್ಶನನಿಗೂ ಹೇಳಿದೆ. ಅವನು ಅರ್ಧ ಎಳೆದಿದ್ದ ಶಟರನ್ನು ಪೂರ್ತಿ ಇಳಿಸಿ, "ಸರಿ, ಮತ್ತೆ ತೂಗುವಾ" ಅಂದ. ಅವನ ಮೇಲೆ ನನಗಿದ್ದ ಪ್ರೀತಿ ಆವತ್ತು ದುಪ್ಪಟ್ಟಾಯಿತು.

ಅಜ್ಜಿಗೆ ಎಲ್ಲ ಹೇಳಿದೆ. ಸಣ್ಣವನ್ನು ಬದಿಗಿಟ್ಟ ಕತೆ ಕೇಳಿ ಅವಳು ಹೂಂ ಅಂದಳು, ಅಷ್ಟೇ. ಆಮೇಲೆ, "ಈ ಸಲ ನಾನ ಬರ್ತೀನಿ. ಚೀಟಿ ನಾನ ಎತ್ತತೀನಿ" ಅಂದಳು.

ಮುಂದಿನ ಭಾನುವಾರ ದರ್ಶನ ರಿಪೇರಿಗೆ ಬಂದಿದ್ದ ಒಂದು ಓಮ್ನಿ ವ್ಯಾನನ್ನು, ಓಡಿಸಿ ನೋಡಬೇಕೆಂದು ಮಾಲೀಕನಿಗೆ ಹೇಳಿ, ನಮ್ಮೂರಿನ ತನಕ ತಂದ. ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ದರ್ಶನನೂ ಒಂದು ಮಾತಾಡಲಿಲ್ಲ, ಅವನ ಜೀವಮಾನದಲ್ಲೇ ಮೊದಲ ಬಾರಿ ಇರಬೇಕು.

ಹುಲಗೋಳದಲ್ಲಿ ದೇವಿಯಮ್ಮ ಅಂಗಳದವರೆಗೂ ಓಡಿ ಬಂದು ಅಜ್ಜಿಯ ಕಾಲಿಗೆ ಬಿದ್ದರು. "ಬನ್ನಿ ಅಮ್ಮಾ, ಮೊದಲು ಆಸರಿಗೆ ಕುಡೀಲಿಕ್ಕೆ ಏನಾದ್ರೂ ತಗಳಿ" ಎಂದರು. ಅಜ್ಜಿ, "ಮದಲ ಹೊಲ" ಅಂದಳು.

ಹೊಲವೆಂದರೆ ಮನೆಯ ಹಿಂದಿನ ಗುಡ್ಡದ ಇಳಿಜಾರು. ಅಜ್ಜಿ ಕಣ್ಣು ಮುಚ್ಚಿ ಚೀಟಿ ಎತ್ತಬೇಕು, ನಾನು ಓದಬೇಕು, ದರ್ಶನ ಹೋಗಿ ಕೊಯ್ಯಬೇಕು. ಆ ಗಿಡದಲ್ಲಿ ಬಲಿತ ಹಣ್ಣಿಲ್ಲದಿದ್ದರೆ ಮಾತ್ರ ಇನ್ನೊಂದು ಚೀಟಿ. ಮೊದಲ ಚೀಟಿಗೇ ಗಲಾಟೆ. ಆ ಗಿಡದಲ್ಲಿದ್ದದ್ದು ಅಕ್ಕಪಕ್ಕದವಕ್ಕಿಂತ ಎದ್ದು ಕಾಣುವಷ್ಟು ಸಣ್ಣ ಹಣ್ಣು. ದೇವಿಯಮ್ಮ ಅದರ ಮುಂದೆ ಅಡ್ಡ ನಿಂತರು.

"ಇದು ಬ್ಯಾಡ. ಇದು ದನಕ್ಕೆ ಹಾಕೂದು."

"ಚೀಟಿ ಬಂದೈತಿ, ಕೊಯ್ಯಿರಿ" ಅಂದಳು ಅಜ್ಜಿ.

"ಅಮ್ಮಾ, ನೀವು ಬಂದು ನಿಂತಾಗ ನಾ ಇದನ್ನ ಹೆಂಗೆ ಕೊಡ್ಲಿ? ಮರ್ಯಾದೆ ಹೋಗ್ತದೆ. ಆ ಪಕ್ಕದ್ದು ತಗಳಿ."

"ಅಮ್ಮಾ, ದಯವಿಟ್ಟು!" ಅಂದೆ ನಾನು. ದರ್ಶನ ತಾಯಿಯನ್ನು ಎರಡೂ ಭುಜ ಹಿಡಿದು ಎತ್ತಿ ಪಕ್ಕಕ್ಕೆ ಇಟ್ಟ. ನಾಲ್ಕನೇ ಚೀಟಿಯ ಹೊತ್ತಿಗೆ ಅವರು ನಮಗಿಂತ ಮುಂದೆ ಓಡಿ, ಸಣ್ಣ ಹಣ್ಣಿದ್ದ ಗಿಡದ ಮೇಲೆ ಸೆರಗು ಹರಡಿ ಕೂತುಬಿಟ್ಟರು. ಸೆರಗು ಮುಳ್ಳಿಗೆ ಸಿಕ್ಕಿತು. ಬಿಡಿಸಲು ಹೋದ ದರ್ಶನನ ಅಂಗಿ ಸಿಕ್ಕಿತು. ಬಿಡಿಸಲು ಹೋದ ನನ್ನ ದುಪ್ಪಟ್ಟಾ ಸಿಕ್ಕಿತು. ಮೂವರೂ ಒಂದೇ ಗಿಡಕ್ಕೆ ಕಟ್ಟಿಹಾಕಿಸಿಕೊಂಡು ಬಿದ್ದು ಬಿದ್ದು ನಕ್ಕೆವು. ಅಜ್ಜಿ ಮಾತ್ರ ನಗದೆ ದೇವಿಯಮ್ಮನನ್ನೇ ನೋಡುತ್ತಿದ್ದಳು.

ಕೊನೆಗೂ ಹನ್ನೆರಡು ಹಣ್ಣು ಜಗಲಿಗೆ ಬಂದವು. ಜುಟ್ಟು ಕೊಯ್ದು ತೂಗಿದೆ. ಮೊದಲನೆಯದು ಒಂದು ಕೆಜಿ ಇನ್ನೂರು. ಆಮೇಲೆ ಒಂದೂವರೆ, ಒಂದೂಮುಕ್ಕಾಲು, ಎರಡು ಮುನ್ನೂರು, ಮತ್ತೆ ಒಂದೂಕಾಲು ಚಿಲ್ಲರೆ. ಹರವು ಥೇಟ್ ನಮ್ಮ ಹೊಲದ್ದೇ. ಸರಾಸರಿ ಒಂದು ಕೆಜಿ ಏಳುನೂರ ನಲವತ್ತು. ಟಿ ಮೈನಸ್ ಎರಡೂವರೆಯ ಆಚೆ ಹೋಯಿತು. ಮೈನಸ್ ಒಂದು ದಶಾಂಶ ಎಂಟು ದಾಟಿದರೆ ಕೈಬಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಮಾತು ನಿಜವಾಗಿದ್ದರೆ ಇಂಥ ಹನ್ನೆರಡು ಬರುವುದು ನೂರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು.

ನನ್ನ ಮುಖ ನೋಡಿಯೇ ದರ್ಶನನಿಗೆ ತಿಳಿಯಿತು. ಪಕ್ಕಕ್ಕೆ ಬಗ್ಗಿ, "ಆ ಪ್ಲಸ್ ಮೈನಸ್ ಟೆಸ್ಟ್ ಮಾಡಿದ್ರೆ?" ಎಂದು ಪಿಸುಗುಟ್ಟಿದ.

ಅದನ್ನು ನಾನು ಮನಸ್ಸಿನಲ್ಲೇ ಆಗಲೇ ಮಾಡಿ ಮುಗಿಸಿದ್ದೆ. ಪ್ಲಸ್ ಮೂರು, ಮೈನಸ್ ಒಂಬತ್ತು. ಚಿಹ್ನೆ ಪರೀಕ್ಷೆಯ ಪ್ರಕಾರ ಇದು ನೂರಕ್ಕೆ ಏಳು ಸಲ ಬರಬಹುದಾದದ್ದು. ಏಳು ಎಂದರೆ ಐದಕ್ಕಿಂತ ಹೆಚ್ಚು, ಅಂದರೆ ದರ್ಶನ ಪಾಸು! ಅಜ್ಜಿಯ ಮುಂದೆ ಇದನ್ನೇ ಹೇಳಬಹುದಿತ್ತು. ಲೆಕ್ಕದಲ್ಲಿ ಒಂದಕ್ಷರ ಸುಳ್ಳಿರುತ್ತಿರಲಿಲ್ಲ. ಎರಡು ಪರೀಕ್ಷೆಗಳ ನಡುವೆ ನನ್ನ ಇಡೀ ಬಾಳು ನಿಂತಿತ್ತು, ಆರಿಸಿಕೊಳ್ಳಲು ಕೈಯಲ್ಲೇ ಪೆನ್ನಿತ್ತು.

ಆದರೆ ಟಿ ಎಂದು ಹೇಳಿದ್ದು ನಾನೇ, ಹಣ್ಣು ನೋಡುವ ಮುಂಚೆ. ಹಣ್ಣು ನೋಡಿದ ಮೇಲೆ ಪರೀಕ್ಷೆ ಬದಲಿಸುವುದೆಂದರೆ ಸಣ್ಣದ್ದನ್ನೆಲ್ಲ ಬದಿಗಿಟ್ಟು ಆರಿಸಲಿಲ್ಲ ಎಂದು ಆಣೆ ಹಾಕಿದ ಹಾಗೆ.

"ಅಜ್ಜಿ," ಅಂದೆ, "ಎರಡು ಕೆಜಿ ಮಾತು ನಿಲ್ಲಲಿಲ್ಲ."

ನನ್ನ ಕಣ್ಣಿನಿಂದ ನೀರು ತಕ್ಕಡಿಯ ಮೇಲೆಯೇ ಬಿತ್ತು. ದರ್ಶನ ಅಜ್ಜಿಯ ಎದುರು ನೆಲದ ಮೇಲೆ ಕೂತ. "ಅಜ್ಜಿ, ಹಣ್ಣು ಕಮ್ಮಿ ಇದ್ದಿದ್ದು ಹೌದು. ಆದ್ರೆ ನಾ ಸುಳ್ಳು ಹೇಳಲಿಲ್ಲ. ಅಮ್ಮ ಕಟ್ಟಿ ಕೊಟ್ಟ ಹಣ್ಣೆಲ್ಲ ಎರಡು ಕೆಜಿದೇ. ನಾ ನೋಡಿದ್ದೆಲ್ಲ ಅದೇ."

ಅಜ್ಜಿ ಅವನ ಕಡೆ ನೋಡಲಿಲ್ಲ. ದೇವಿಯಮ್ಮನ ಕಡೆ ತಿರುಗಿದಳು. "ಯವ್ವಾ ದೇವಿ, ಮಗನಿಗೆ ದೊಡ್ಡದು ಕಟ್ಟತಿ. ಬಂದವರಿಗೆ ದೊಡ್ಡದು ಇಡತಿ. ಸಣ್ಣವು ಯಾರು ತಿಂತೀರಿ?"

ದೇವಿಯಮ್ಮನ ದನಿ ಮೊದಲ ಬಾರಿಗೆ ಸಣ್ಣದಾಯಿತು. "ನಾನೇ ಅಮ್ಮಾ. ದನಕ್ಕೆ ಹಾಕೂದು ಅಂದಿದ್ದು ಸುಮ್ನೆ. ನಂಗೆ ಸಣ್ಣದ್ದೇ ಸೇರೂದು. ಸಣ್ಣದ್ದು ಸಿಹಿ ಜಾಸ್ತಿ."

"ಹೌದು? ಆ ಸಣ್ಣದನ್ನ ಹೆಚ್ಚು."

"ಬ್ಯಾಡ ಅಮ್ಮಾ..."

"ಹೆಚ್ಚು ಅಂದೆ."

ದೇವಿಯಮ್ಮ ಕತ್ತಿ ತಂದು ಆ ಒಂದು ಕೆಜಿ ಇನ್ನೂರರ ಹಣ್ಣನ್ನು ಹೆಚ್ಚಿದರು. ಅಜ್ಜಿ ಒಂದು ಹೋಳು ಬಾಯಿಗಿಟ್ಟಳು. ಅವಳ ಒಂದು ಕಣ್ಣು ಮುಚ್ಚಿತು, ಮುಖ ಕಿವುಚಿತು, ಭುಜ ಮೇಲೆ ಹೋಯಿತು. ಅಂಥ ಹುಳಿ! ಕಷ್ಟಪಟ್ಟು ನುಂಗಿದಳು. ಆಮೇಲೆ ನಗಲು ಶುರುಮಾಡಿದಳು. ಅಜ್ಜಿ ಹಾಗೆ ನಕ್ಕಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಇಳಕಲ್ ಸೆರಗಿನಿಂದ ಕಣ್ಣು ಒರೆಸಿಕೊಂಡರೂ ನಿಲ್ಲಲಿಲ್ಲ.

"ಈ ಮನಿಯಾಗ ಸುಳ್ಳ ಹೇಳೋರು ಅದಾರ ಅಂತ ನನಗ ಗೊತ್ತಿತ್ತು. ಆದ್ರ ಹುಡುಗ ಅಲ್ಲ, ಇಕಿ! ಇಷ್ಟು ವರ್ಷ ಈ ಹುಳಿ ತಿಂದು ಸಿಹಿ ಅಂತ ಹೇಳ್ಕೋತ ಬಂದಾಳ!"

ನಗು ನಿಂತ ಮೇಲೆ ದೇವಿಯಮ್ಮನ ಕೈ ಹಿಡಿದುಕೊಂಡಳು. "ನಮ್ಮತ್ತಿ ಒಂದ ದಿನಾನೂ ಸುಳ್ಳ ಹೇಳಿದಾಕಿ ಅಲ್ಲ ನೋಡು. ಸಣ್ಣದು ನಿನಗ ಅಂತ ಖರೇನ ಹೇಳಿ ಕೊಡ್ತಿದ್ಲು. ನಾ ಖರೆ ಹೇಳೋರ ಮನಿಯಾಗ ಬಾಳೇವು ಮಾಡೀನಿ. ಈ ಹುಡುಗಿ ಸುಳ್ಳ ಹೇಳೋರ ಮನಿಗೆ ಹೋಗ್ಲಿ."

ದರ್ಶನನಿಗೆ ಅರ್ಥವಾಗಲು ತಡವಾಯಿತು. ನನಗೂ ಅಷ್ಟೇ. "ಅಜ್ಜಿ, ಕಬೂಲು ಮಾಡಿದ್ದು ಬ್ಯಾರೆ ಇತ್ತು. ಟಿ ಪ್ರಕಾರ..." ಎಂದು ಮೂರ್ಖಳ ಹಾಗೆ ಶುರುಮಾಡಿದೆ.

"ಏ ಹುಚ್ಚಿ, ನೀ ಪರೀಕ್ಷಾ ಮಾಡಿದ್ದು ಹಣ್ಣಿಂದು. ನಾ ಮಾಡಿದ್ದು ಮನಿದು. ಸುಮ್ಮನ ಅಕ್ಕಿಕಾಳಿನ ದಿನ ನೋಡ್ರಿ."

ನಾನು ತಕ್ಕಡಿ ಬಿಟ್ಟು ದೇವಿಯಮ್ಮನನ್ನು ಅಪ್ಪಿಕೊಂಡೆ. ದರ್ಶನ ಅಂಗಳಕ್ಕೆ ಹಾರಿ ಓಮ್ನಿಯ ಹಾರ್ನನ್ನು ಒಂದೇ ಸಮ ಒತ್ತಿದ. ಅಕ್ಕಪಕ್ಕದ ಮನೆಯವರೆಲ್ಲ ಏನಾಯಿತೆಂದು ಓಡಿಬಂದರು. ದೇವಿಯಮ್ಮ ಅವರಿಗೆಲ್ಲ ಅನಾನಸು ಹೆಚ್ಚಿ ಕೊಟ್ಟರು, ಒಳಗಿನಿಂದ ತಂದದ್ದು, ದೊಡ್ಡದ್ದು.

ಹೊರಡುವಾಗ ಓಮ್ನಿಯ ಹಿಂದೆ ಒಂದು ಚೀಲ ಬಂದು ಕೂತಿತು. ಸ್ವಲ್ಪ ದೂರ ಹೋದ ಮೇಲೆ ಬಿಚ್ಚಿ ನೋಡಿದೆ. ಚೀಟಿಯಲ್ಲಿ ಬಂದ ಹಣ್ಣು ಅದರಲ್ಲಿ ಒಂದೂ ಇರಲಿಲ್ಲ. ಒಂದನ್ನು ಎತ್ತಿದೆ, ಭಾರವಾಗಿತ್ತು. ಅಭ್ಯಾಸಬಲದಿಂದ ತಕ್ಕಡಿಗೆ ಕೈ ಹಾಕಿದೆ. ಅಜ್ಜಿ ಮುಂದಿನ ಸೀಟಿನಿಂದ ತಿರುಗಿ ಕೈಯ ಮೇಲೊಂದು ಪೆಟ್ಟು ಕೊಟ್ಟಳು.

"ತೂಗಬ್ಯಾಡ. ಇತ್ತ ಕೊಡು."

ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. "ಇದು ನನಗ" ಅಂದಳು. ಊರು ಮುಟ್ಟುವ ತನಕ ಯಾರಿಗೂ ಕೊಡಲಿಲ್ಲ.